ಹನ್ನೆರಡನೆಯ ತರಗತಿ

ಸಮಾರ್ ದ್ವೀಪದ ನಮ್ಮ ಶಾಲೆಗೆ
ಸರ್ಕಾರ ಎರಡು ವರ್ಷ ಕೂಡಿಸಿತು.
ಕೋಣೆ ಕೂಡಿಸಲಿಲ್ಲ.
ಚಂಡಮಾರುತ ಒಯ್ದ ತಗಡೇ ಇನ್ನೂ ಬಂದಿಲ್ಲ.
ಪ್ಲೈವುಡ್ ಅಡ್ಡ ನಿಲ್ಲಿಸಿ ಒಂದನ್ನೇ ಎರಡು ಮಾಡಿಕೊಂಡೆವು;
ಆಚೆಯ ಇತಿಹಾಸ
ಈಚೆಯ ಲೆಕ್ಕದೊಳಗೆ ಸೋರುತ್ತಿತ್ತು.

ಜೆರಲಿನ್‌ಗೆ ಭಿನ್ನರಾಶಿ ಆಗಲೂ ಬರಲಿಲ್ಲ, ಈಗಲೂ ಇಲ್ಲ.
ಹತ್ತರಲ್ಲಿ ನಲವತ್ತೊಂದು,
ಹನ್ನೆರಡರಲ್ಲೂ ಅದೇ ನಲವತ್ತೊಂದು.

"ಎರಡು ವರ್ಷದ ದೋಣಿ ಬಾಡಿಗೆ, ಮೇಡಂ,"
ಉಪ್ಪು ಮೆತ್ತಿದ ಬೆರಳು ಮಡಿಸಿ ಅವಳಮ್ಮ ಎಣಿಸಿದಳು,
"ಇಷ್ಟಕ್ಕೆ ಹೊಸ ಬಲೆಯೇ ಬರುತ್ತಿತ್ತು."

ನಾನು ಉತ್ತರ ಹುಡುಕುವಷ್ಟರಲ್ಲಿ
ಜೆರಲಿನ್ ದಲ್ಲಾಳಿಯ ತಕ್ಕಡಿಗೆ ಕೈ ಹಾಕಿ
ಕಲ್ಲಿನ ತಟ್ಟೆಯಡಿ ಬೆರಳಾಡಿಸಿ
ಅಂಟಿಸಿದ್ದ ಸೀಸದ ಬಿಲ್ಲೆ ಕಿತ್ತಳು.
ಏನೂ ಅನ್ನಲಿಲ್ಲ. ಮೀನಿನ ಪಕ್ಕ ಇಟ್ಟಳು.

ಯಾವ ವರ್ಷದ ಪಾಠ ಅದು?
ನಾನಂತೂ ಕಲಿಸಿಲ್ಲ.