ನಾಲ್ಕು ಸ್ಕ್ರೂ

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಇಳಿಜಾರು.
ಪ್ರೆಸ್ಸಿನ ಒಳಕೋಣೆ, ಮೇಜಿನ ಕೆಳಗೆ
ಬೂದು ಬಣ್ಣದ ವೆಸ್ಟಾ.
ಎತ್ತಲು ಇಬ್ಬರು ಬೇಕು.
ಮೈಸೂರಿನಿಂದ ಬಸ್ಸಿನಲ್ಲಿ ತಂದಾಗ
ಅದಕ್ಕೂ ಒಂದು ಟಿಕೆಟ್ಟು ಹರಿದಿದ್ದ ಕಂಡಕ್ಟರು.

ಪಕ್ಕದ ತಗಡಿಗೆ ನಾಲ್ಕು ಸ್ಕ್ರೂ.
ಬಿಚ್ಚಿದರೆ ಕೈ ಇಡಲು ಜಾಗವಿತ್ತು,
ಇನ್ನೊಂದು ಮೆಮೊರಿ, ಇನ್ನೊಂದು ಡಿಸ್ಕು,
ನಾಳೆ ಬರುವುದಕ್ಕೂ ಖಾಲಿ ಬಿಟ್ಟ ಗೂಡು.
ಕಕ್ಕಡ ತಿಂಗಳಲ್ಲಿ ಬೂಷ್ಟು ಹಿಡಿಯದಂತೆ
ಪಕ್ಕದಲ್ಲೊಂದು ನಲವತ್ತರ ಬಲ್ಬು ಉರಿಸಿಡುತ್ತಿದ್ದೆ,
ಬಾಣಂತಿಯ ಕೋಣೆಯ ಹಾಗೆ.

ಜತೆಗೆ ಬಂದ ಪುಸ್ತಕ ಇನ್ನೂರ ಹನ್ನೆರಡು ಪುಟ.
ಮೊದಲ ಸಾಲಿನಲ್ಲೇ ಕಂಪನಿ ಬರೆದಿತ್ತು:
ಕೆಲಸ ಬಲ್ಲವರಿಗಾಗಿ.
ನನಗೇ ಬರೆದದ್ದೆಂದು ತಿಳಿದೆ.
ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾದವನಿಗೆ
ಅಲ್ಲಿಯವರೆಗೆ ಯಾರೂ ಹಾಗೆ ಬರೆದಿರಲಿಲ್ಲ.

ಏನೆಲ್ಲ ಕೂರಿಸಿದೆ ಅದರಲ್ಲಿ:
ಮದುವೆ ಕಾಗದ, ಒಕ್ಕದ ಹೆಸರು ಮೊದಲು, ಹುಡುಗನದು ಆಮೇಲೆ.
ಇಗರ್ಜಿಯ ಪ್ರಾರ್ಥನೆ ಪುಸ್ತಕ, ತೆರೆಯ ನೋಟೀಸು.
ಹಾಕಿ ಹಬ್ಬದ ಸ್ಮರಣ ಸಂಚಿಕೆ;
ಒಂದು ಮನೆತನದ ಒತ್ತಕ್ಷರ ತಪ್ಪಿದರೂ
ಬೆಳಿಗ್ಗೆ ಏಳಕ್ಕೆ ಬಾಗಿಲಲ್ಲಿ ಜೀಪು.
ಜೇನಿನ ಬಾಟಲಿಯ ಲೇಬಲ್ಲಿಗೆ
ಆ ಒಂದು ಹಳದಿ ಹಿಡಿಯಲು ಮೂರು ರಾತ್ರಿ.

ಆಮೇಲೆ ಕಂಪನಿ ತೆಳ್ಳಗಾಗತೊಡಗಿತು.
ಮೊದಲು ಹೋದದ್ದು ಪ್ರಿಂಟರಿನ ಕಿಂಡಿ,
ಮಾರನೆಯ ವರ್ಷ ಸಿ.ಡಿ. ತಟ್ಟೆ,
ಮತ್ತೆ ಸ್ಕ್ರೂಗಳು. ಅಂಟು ಹಾಕಿ ಮುಚ್ಚಿದರು.
ಪುಸ್ತಕ ಹೋಗಿ ಮಡಿಚಿದ ಚೀಟಿ ಬಂತು;
ಅದರಲ್ಲಿ ಮಾತಿಲ್ಲ, ಒಂದು ಬೆರಳಿನ ಚಿತ್ರ.
ಜಾಹೀರಾತಿನಲ್ಲಿ ಹಿಂದೆ ಮಸಿ ಮೆತ್ತಿದ ಕೈಯಿತ್ತು.
ಈಗ ಕಡಲ ದಂಡೆಯಲ್ಲಿ ಹುಡುಗಿಯೊಬ್ಬಳು
ಮಡಿಲಲ್ಲಿಟ್ಟುಕೊಂಡು ನಗುತ್ತಾಳೆ.
ಪರದೆಯಲ್ಲಿ ಏನಿದೆಯೆಂದು ತೋರಿಸುವುದಿಲ್ಲ.

ಬೂದು ಕಣ್ಣು ಮುಚ್ಚಿದ ದಿನ ಕುಶಾಲನಗರಕ್ಕೆ ಹೋದೆ.
ಫೋನಿನ ಕವರು, ಕಿವಿಗೆ ಸಿಕ್ಕಿಸುವ ಗುಲಾಬಿ ಗುಂಡಿ,
ಅವುಗಳ ಪಕ್ಕ ಪುದೀನ ಬಣ್ಣದ ವೆಸ್ಟಾ.
'ಯಾತಕ್ಕೆ ಸಾರ್? ಸಿನಿಮಾಕ್ಕಾ, ಮೊಮ್ಮಕ್ಕಳ ಫೋಟೋಕ್ಕಾ?'
ಕೇಳಿದ ಸೆಯ್ಫುದ್ದೀನ್, ಒಳ್ಳೆಯ ಹುಡುಗ.
ಮೆಮೊರಿ ಎಷ್ಟು ಹಾಕಬಹುದು ಎಂದೆ.
'ಹಾಕೋ ಹಾಗಿಲ್ಲ ಸಾರ್, ಬರುವಾಗಲೇ ಇರ್ತದೆ.'
ಬಿಚ್ಚುವುದು ಹೇಗೆ ಎಂದೆ.
ಕೇಳಬಾರದ್ದನ್ನು ಕೇಳಿದಂತೆ
ಇನ್ನೊಬ್ಬನ ಮುಖ ನೋಡಿದ.
ಬೆನ್ನ ಮೇಲೆ ಮಾತ್ರ ಇನ್ನೂ ಕೆತ್ತಿತ್ತು: ಪ್ರೊ.

ಮಡಿಕೇರಿಯಲ್ಲಿ ಬೆರಳುದ್ದದ ಒಡಿಕತ್ತಿ ಮಾರುತ್ತಾರೆ,
ಬೀಗದ ಕೈ ತೂಗಲು.
ಬಾಗು ಸರಿಯಿದೆ, ಹಿತ್ತಾಳೆ ಹೊಳೆಯುತ್ತದೆ, ಅಲಗಿಲ್ಲ.
ಮಾಡಿದವನನ್ನು ಬೈದು ಏನು?
ಮದುವೆಯಲ್ಲಿ ಬಾಳೆ ಕಡಿಯುವವರು ವರ್ಷಕ್ಕೆ ಎಷ್ಟು ಮಂದಿ,
ಬೀಗದ ಕೈ ಇರುವವರು ಎಷ್ಟು.

ಸಿದ್ದಾಪುರದ ಗುಜರಿಯಲ್ಲಿ
ಇನ್ನೊಂದು ಬೂದು ಸಿಕ್ಕಿತು, ಕಿಲೋ ಲೆಕ್ಕದಲ್ಲಿ.
ಅದರ ಕರುಳು ಇದಕ್ಕೆ ಹಾಕಿದೆ.
ಎದ್ದಿತು.

ಮೊನ್ನೆ ಬಿಟ್ಟಂಗಾಲದ ದೇಚಕ್ಕ ಬಂದಳು,
ಹೋಂಸ್ಟೇಯ ಊಟದ ಪಟ್ಟಿ ಹಿಡಿದು.
ಪುದೀನ ಬಣ್ಣದ್ದರಲ್ಲಿ, ಜಗಲಿಯಲ್ಲಿ ಕೂತು,
ಹಾಲು ಕಾಯುವಷ್ಟರಲ್ಲಿ ಮುಗಿಸಿದಳಂತೆ.
ಐದು ತರದ ಅಕ್ಷರ, ಮೂಲೆಮೂಲೆಗೆ ಹೂವು,
'ಕಡಂಬುಟ್ಟು'ವಿನಲ್ಲಿ ಒತ್ತಿಲ್ಲ.
'ನಾನೇ ಮಾಡಿದ್ದು' ಎಂದಳು.
ಆ ಮುಖ ನನಗೆ ಗೊತ್ತು.
ಆ ಪುಸ್ತಕದ ಮೊದಲ ಸಾಲು ಓದಿದಾಗ
ನನ್ನದೂ ಹಾಗೇ ಇದ್ದಿರಬೇಕು.

ಅವಳ ಕಡತ ನನ್ನದರಲ್ಲಿ ತೆರೆಯಲಿಲ್ಲ.
ರಾತ್ರಿ ಕೂತು ಮೊದಲಿನಿಂದ ಕೂರಿಸಿದೆ,
ಒಂದು ಹೂವೂ ಬಿಡದೆ.
ಒತ್ತು ಹಾಕಿದೆ. ಹೇಳಲಿಲ್ಲ.

ತಗಡು ಮುಚ್ಚುವಾಗ ನಾಲ್ಕನೆಯ ಸ್ಕ್ರೂ
ಎಲ್ಲಿಗೋ ಉರುಳಿತು.
ಮೂರರಲ್ಲೇ ನಡೆಯುತ್ತಿದೆ,
ಸ್ವಲ್ಪ ಗುಂಯ್ ಎನ್ನುತ್ತದೆ.