ಬಾಯಿ ಬಿಡದ್ದು

ಉಪ್ಪಳ ದಾಟುವ ಮೊದಲೇ ಮುಳ್ಳು ಕೆಂಪಿಗೆ.
ಮೂಸಕುಂಞಿಯ ಹಳದಿ ಸ್ಪೋರ್ಟ್ಸ್ ಕಾರು
ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು
ನನ್ನ ಶೆಡ್ಡಿನೆದುರು ಏದುಸಿರು ಬಿಡುತ್ತಿತ್ತು.

'ಪಂಪು ಹೊಸತು, ಫ್ಯಾನೂ ತಿರುಗುತ್ತದೆ ಮಾರಾಯ,
ಮತ್ತೆಂತ ರೋಗ ಇದಕ್ಕೆ?'

ಮುಚ್ಚಳಕ್ಕೆ ಕೈ ಹಾಕಬೇಡ ಎಂದೆ.
ಮೇಲಿನ ಹೋಸು ಸುಡುತ್ತದೆ,
ಕೆಳಗಿನದು
ಬೆಳಗಿನ ಹೊಯಿಗೆಯ ಹಾಗೆ ತಣ್ಣಗೆ.

ಆರಿದ ಮೇಲೆ ಥರ್ಮೋಸ್ಟಾಟ್ ಬಿಚ್ಚಿ
ಗುಲಾಬಿಯಕ್ಕನ ಹೋಟೆಲಿಗೆ ಒಯ್ದೆ.
ಹಳೇ ಪಾತ್ರೆ, ಒಲೆ, ನೀರು ಗುಳುಗುಳು.
ಮೂರು ತಲೆ ಬಗ್ಗಿ ನೋಡಿದವು.
ಮಿಸುಕಲಿಲ್ಲ ಅದು.

ಗುಲಾಬಿಯಕ್ಕ ಸೆರಗಿನಲ್ಲಿ ಬೆವರೊರೆಸಿ ಹೇಳಿದರು:
'ಬೇಯಿಸಿದರೂ ಬಾಯಿ ಬಿಡದ ಮರುವಾಯಿ
ಮೊದಲೇ ಸತ್ತದ್ದು. ಬಿಸಾಡು.'

ಹತ್ತು ವರ್ಷ ಮೆಕ್ಯಾನಿಕ್ ನಾನು.
ಅವರು ಲೆಕ್ಕಕ್ಕೆ ಬರೆದುಕೊಂಡದ್ದು
ಎರಡು ಚಾ ಮಾತ್ರ.