ತೂಕ ಮತ್ತು ಅಳತೆ

ಕಾರವಾರಕ್ಕೆ ವರ್ಗವಾಗಿ ಬಂದಾಗ ನನ್ನ ಟ್ರಂಕಿನಲ್ಲಿ
ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ,
ಇಲಾಖೆಯ ಮೊಹರು, ನಾಲ್ಕು ಸೇರು ಜೋಳದ ಹಿಟ್ಟು,
ಮತ್ತೆ ಅವ್ವ ಗಂಟು ಕಟ್ಟಿಕೊಟ್ಟ ಒಂದು ಹೆದರಿಕೆ:
"ಅಲ್ಲಿ ಸಮುದ್ರ ರಾತ್ರಿಯೆಲ್ಲಾ ಒದರತೈತಂತ,
ನಿದ್ದಿಗಣ್ಣಾಗ ಬಾಗಿಲಾ ತಗೀಬ್ಯಾಡ."

ಕ್ಯಾಲೆಂಡರಿನಲ್ಲಿ ನಾ ಕಂಡಿದ್ದ ಸಮುದ್ರಕ್ಕೆ ವಾಸನೆ ಇರಲಿಲ್ಲ,
ನೀಲಿ ಸೀರೆಯಂತೆ ಇಸ್ತ್ರಿ ಮಾಡಿ ಹಾಸಿತ್ತು.
ಬಸ್ಸಿಳಿದದ್ದು ಜೂನ್ ಹದಿನಾಲ್ಕಕ್ಕೆ.
ಕಂಡ ನೀರು ನಮ್ಮೂರ ಭೀಮೆಯ ಬಣ್ಣದ್ದೇ,
ಎರಡು ಸಲ ಕುದಿಸಿದ ಚಹಾ.
"ಇದೇನಾ?" ಎಂದೆ ಆಟೋದವನಿಗೆ.
"ಮಳೆಗಾಲ ಬಾಯಿ," ಎಂದ, "ದೋಣಿಗೆ ರಜೆ,
ಅದಕ್ಕೂ ರಜೆ."

ದಿನಾ ಮೀನು ತಿನ್ನುವ ಊರೆಂದು ಕೇಳಿದ್ದೆ.
ಮನೆ ಮಾಲಕಿ ಕೊಳಂಬಕರ ಬಾಯಿ
ಎರಡು ತಿಂಗಳು ಹೀರೇಕಾಯಿ ಹೆಚ್ಚಿದಳು.

ಆಗಸ್ಟಿನಲ್ಲಿ ದೋಣಿಗಳು ಹೊರಟವು, ಬಂದವು.
ರಸೀದಿ ಪುಸ್ತಕ ಹಿಡಿದು ಮೀನು ಮಾರುಕಟ್ಟೆಗೆ ಹೋದೆ,
ತಕ್ಕಡಿಯ ಕಳ್ಳತನ ಹಿಡಿಯಲು.
ತಕ್ಕಡಿಯೇ ಇರಲಿಲ್ಲ.
ಪ್ಲಾಸ್ಟಿಕ್ ಹಾಳೆಯ ಮೇಲೆ ಬಂಗಡೆ, ಹತ್ತು ಹತ್ತರ ಗುಪ್ಪೆ.
ನೊಗಲಿ ಆರಾರು. ಸಿಗಡಿ ಬೊಗಸೆಗೆ. ಕಲ್ವೆ ಎಣಿಕೆಗೆ.
ನನ್ನ ಕೈಯಲ್ಲಿ ಒಂದು ಕೇಜಿಯ ಹಿತ್ತಾಳೆ
ಬೇರೆ ಪುಸ್ತಕ ಓದಿಕೊಂಡು ಪರೀಕ್ಷೆಗೆ ಬಂದ
ಹುಡುಗನ ಹಾಗೆ ನಿಂತಿತ್ತು.

ಶೇವಂತಿ ತಾಂಡೇಲ ನನ್ನನ್ನು ಕಾಲಿಂದ ತಲೆವರೆಗೆ ಅಳೆದಳು.
ಅವಳ ಲೆಕ್ಕದಲ್ಲಿ ಇನ್‌ಸ್ಪೆಕ್ಟರೆಂದರೆ ಮೀಸೆ, ಜೀಪು,
ಇಸ್ವಾಣದ ನಡುತುಂಡಿಗೆ ಬಾಯಿ ತೆರೆದ ಚೀಲ.
ಎಲೆಯಲ್ಲಿ ಸುತ್ತಿ ಚಾಚಿದಳು.
"ನಾನು ಮೀನು ತಿನ್ನೋದಿಲ್ಲ."
ಸಾಲಿಗೆ ಸಾಲೇ ಗಾಬರಿಯಾಯಿತು:
ಮೀನು ತಿನ್ನದವಳನ್ನು ಇನ್ನು
ಸಮಾಧಾನ ಮಾಡುವುದಾದರೂ ಹೇಗೆ!

"ನಿಮ್ಮ ಬಿಜಾಪುರದಲ್ಲಿ ನೀರೇ ಇಲ್ಲವಂತೆ?
ಮುಖ ತೊಳೆಯೋದೂ ಮಣ್ಣಲ್ಲೇ ಅಂತೆ?"
ಭೀಮೆ ನಮ್ಮನೆಯೊಳಗೆ ಬಂದ ವರ್ಷದ ಕತೆ ಹೇಳಿದೆ.
ದೇವರ ಜಗುಲಿ ದಾಟಿ
ಗೋಡೆಯ ಮೇಲಿನ ಅಜ್ಜನ ಫೋಟೋದ
ಕೋಟಿನ ಗುಂಡಿವರೆಗೆ ನೀರು.
ಶೇವಂತಿ ಕತ್ತಿ ಕೆಳಗಿಟ್ಟಳು.
"ನಮ್ಮದು ಹಾಗಲ್ಲ, ರಸ್ತೆ ದಾಟೋದಿಲ್ಲ,"
ಎಂದಳು, ಕಟ್ಟಿದ ನಾಯಿಯ ಬಗ್ಗೆ
ನೆಂಟರಿಗೆ ಹೇಳುವವಳ ಹಾಗೆ.

ಒಂದು ಮಧ್ಯಾಹ್ನ ಗಿರಾಕಿಯಿಲ್ಲದಾಗ
ಅವಳ ಐದು ಗುಪ್ಪೆಗಳನ್ನೂ ತೂಗಿದೆ.
ಒಂದಕ್ಕೊಂದು ತಾಳೆಯಿಲ್ಲ.
ಎಂಬತ್ತು ಗ್ರಾಂ ಇಲ್ಲಿ, ನೂರಿಪ್ಪತ್ತು ಅಲ್ಲಿ.
ಸಿಕ್ಕಳು ಎಂದುಕೊಂಡೆ.
"ಮತ್ತೆ?" ಎಂದಳು. "ಆ ದೊಡ್ಡದು
ನಿನ್ನೆ ಚೌಕಾಸಿ ಮಾಡದ ಟೀಚರಬಾಯಿಗೆ.
ಸಣ್ಣದು ಕಾಜುಬಾಗದ ಡಾಕ್ಟರಿಗೆ. ಅವನಿಗೆ ಗೊತ್ತಾಗಲ್ಲ."
ರಸೀದಿ ಪುಸ್ತಕ ಮುಂದಿನಿಂದ ಹಿಂದಕ್ಕೆ,
ಹಿಂದಿನಿಂದ ಮುಂದಕ್ಕೆ ತಿರುವಿದೆ.
ಇದಕ್ಕೆ ಕಾಲಂ ಇರಲಿಲ್ಲ.

ಜೋಳದ ಹಿಟ್ಟು ಮುಗ್ಗಲು ಹಿಡಿಯಿತು.
ಬಟ್ಟುಗಳ ಕುತ್ತಿಗೆಗೆ ಉಪ್ಪುಗಾಳಿಯ ಹಸಿರು.
ತಪಾಸಣೆಗೆ ಕಳಿಸಿದ್ದೆ, ವರದಿ ಬಂದಿದೆ:
ತಪ್ಪು ತೂಕ ನನ್ನ ಪೆಟ್ಟಿಗೆಯಲ್ಲೇ.

ರಾತ್ರಿ ಅವ್ವನ ಫೋನು.
"ಸಮುದ್ರ ಒದರತೈತೇನ?"
ನನ್ನ ಕೋಣೆಗೆ ಸಮುದ್ರ ಕೇಳುವುದಿಲ್ಲ.
ಕೇಳುವುದು ಹಿತ್ತಲ ಗೋಡೆಯಾಚೆಯ ಐಸ್ ಫ್ಯಾಕ್ಟರಿ,
ಬೆಳತನಕ ಗಡ್ಡೆ ಅರೆಯುವ ಯಂತ್ರ.
ಕಿಟಕಿ ತೆರೆದೆ,
ಫೋನು ಹೊರಗೆ ಹಿಡಿದೆ.
ಅವ್ವ ಬಹಳ ಹೊತ್ತು ಕೇಳಿಸಿಕೊಂಡಳು.
"ಅಬಬಾ," ಎಂದಳು, "ಎಷ್ಟ ದೊಡ್ಡದೈತಲ್ಲವಾ!"

ಹ್ಞೂಂ ಎಂದೆ.